ನೊಂದವರ ನುಡಿಯೂ ಪಾಟೀಸವಾಲೂ

ದುಃಖವನ್ನು ಪ್ರಶ್ನಿಸಬಹುದೆ? ಮಕ್ಕಳನ್ನು ಕಳೆದುಕೊಂಡವರನ್ನು ಕುರಿತು, ‘ನಿಮಗೆ ನಿಜವಾಗಿಯೂ ಇಷ್ಟು ನೋವಾಯಿತೆ?’ ಎಂದು ಕೇಳುವವನನ್ನು ಲೋಕವು ಕ್ರೂರಿಯೆನ್ನುತ್ತದೆ. ಆದರೆ ಆ ನೋವಿನ ಮಾತಿನಿಂದ ಮತ್ತೊಬ್ಬನ ದಂಡನೆಯು ಹೆಚ್ಚಬಹುದಾದರೆ, ಪ್ರಶ್ನಿಸದೆ ಬಿಡುವುದೂ ಅನ್ಯಾಯವಾದೀತು. ಈ ಧರ್ಮಸಂಕಟವು ಅಮೆರಿಕದ ಸೈನಿಕ ನ್ಯಾಯಸಭೆಗಳಲ್ಲಿ ಸ್ಪಷ್ಟವಾಗಿ ತೋರಿಬಂದಿದೆ.

2012ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ರಾಬರ್ಟ್ ಬೇಲ್ಸ್ ಎಂಬ ಅಮೆರಿಕದ ಸಾರ್ಜೆಂಟನು ಆಫ್ಘಾನಿಸ್ಥಾನದ ಕಂದಹಾರ ಪ್ರಾಂತದಲ್ಲಿ ಇರುಳು ಹೊತ್ತು ಮನೆಗಳನ್ನು ಹೊಕ್ಕು 16 ಜನರನ್ನು ಕೊಂದನು. ಹತರಾದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 2013ರಲ್ಲಿ ಅವನು ತಪ್ಪೊಪ್ಪಿಕೊಂಡ ಮೇಲೆ, ಶಿಕ್ಷೆಯ ವಿಚಾರಣೆಗಾಗಿ ಗ್ರಾಮಸ್ಥರು ಕೆಲವರನ್ನು ವಾಷಿಂಗ್ಟನ್ ಸಂಸ್ಥಾನಕ್ಕೆ ಕರೆತಂದರು. ಅವರು ಸಾಕ್ಷಿಗಳಾಗಿ ನಿಂತು ನುಡಿದರು. ಸಾಕ್ಷಿಯಾದವನು ಪಾಟೀಸವಾಲಿಗೆ ಸಿದ್ಧನಾಗಿರಬೇಕು. ಕೊಂದವನಾದರೋ ಪ್ರಮಾಣಮಾಡದೆಯೇ ಪಶ್ಚಾತ್ತಾಪದ ಮಾತನ್ನಾಡಿದನು. ಅವನನ್ನು ಪ್ರಶ್ನಿಸುವ ಅಧಿಕಾರವು ಸರಕಾರದ ವಕೀಲರಿಗಿರಲಿಲ್ಲ. ಕಡೆಗೆ ಅವನಿಗೆ ಬಿಡುಗಡೆಯ ಆಸೆಯಿಲ್ಲದ ಆಜೀವ ಸೆರೆಯಾಯಿತು.

ಕೊಂದವನಿಗೆ ಉಂಟಾದ ರಕ್ಷಣೆ ನೊಂದವನಿಗೆ ಏಕಿಲ್ಲ? ಅದೇ ವರ್ಷದ ಡಿಸೆಂಬರಿನಲ್ಲಿ ಆದ ಶಾಸನವು, ಶಿಕ್ಷೆಯ ವೇಳೆಯಲ್ಲಿ ನೊಂದವರ ಮಾತನ್ನೂ ಕೇಳಬೇಕೆಂದು ವಿಧಿಸಿತು. ಆಮೇಲೆ ಬಂದ ನಿಯಮದಂತೆ ಅವರೂ ಪ್ರಮಾಣವಿಲ್ಲದೆ ನುಡಿಯಬಹುದು, ಆಗ ಪಾಟೀಸವಾಲಿಲ್ಲ. ಅವರು ಹೇಳಿದ ಸಂಗತಿಗಳನ್ನು ಎದುರು ಪಕ್ಷವು ಬೇರೆ ಸಾಕ್ಷ್ಯದಿಂದ ಅಲ್ಲಗಳೆಯಬಹುದು, ಅಷ್ಟೆ.

ತಕ್ಕಡಿಯು ಸಮವಾದಂತೆ ತೋರುತ್ತದೆ. ಆದರೆ ಎರಡು ರಕ್ಷಣೆಗಳೂ ಒಂದೇ ಬಗೆಯವಲ್ಲ. ಆಪಾದಿತನು ರಾಜ್ಯಶಕ್ತಿಯ ಮುಂದೆ ಒಂಟಿಯಾಗಿ ನಿಂತವನು. ಅವನ ಮಾತು ತನ್ನ ದಂಡನೆಯನ್ನು ಕುಗ್ಗಿಸಲೆಂದು ಆಡಿದ್ದು. ನೊಂದವನ ಮಾತು ಇನ್ನೊಬ್ಬನ ದಂಡನೆಯನ್ನು ಹಿಗ್ಗಿಸಬಲ್ಲುದು.

ನನಗೆ ತೋರುವುದಿಷ್ಟು: ನೊಂದವರ ನುಡಿಯಲ್ಲಿ ಎರಡು ಪಾಲುಗಳಿವೆ. ‘ನನಗೆ ನಿದ್ರೆಯಿಲ್ಲ’ ಎಂಬುದು ಒಂದು. ‘ಇವನು ಹೀಗೆ ಮಾಡಿದನು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೌನವಾಗಿ ಕಿವಿಗೊಡುವುದೇ ಉತ್ತರ. ಅಲ್ಲಿ ವಕೀಲನಿಗೆ ಕೆಲಸವಿಲ್ಲ. ಎರಡನೆಯದು ಸಂಗತಿ, ಸಂಗತಿಯು ಪ್ರಶ್ನೆಗೆ ಅಂಜಬಾರದು. ಪ್ರಶ್ನೆಗೆ ಒಳಗಾಗದ ಮಾತನ್ನು ನ್ಯಾಯಾಧೀಶನು ಗೌರವದಿಂದ ಕೇಳಲಿ, ಆದರೆ ರುಜುವಾತಾದ ಮಾತೆಂದು ತೂಗದಿರಲಿ.

ಸವಾಲನ್ನು ತಪ್ಪಿಸುವುದು ದಯೆಯೇ ಸರಿ. ಆದರೆ ಕಂದಹಾರದಿಂದ ಬಂದ ಆ ಹಳ್ಳಿಗರು ಸವಾಲಿಗೆ ಒಡ್ಡಿಕೊಂಡೇ ನುಡಿದರು. ಅವರ ಮಾತಿನ ಭಾರವನ್ನು ಯಾರೂ ದಯೆಯಿಂದ ಕೊಟ್ಟುದಲ್ಲ.