ಬೆಂಗಾವಲಿನವರ ಪಾಲು

ಯುರೋಪಿನಿಂದ ಮೋಟಾರ್ ಸೈಕಲ್ ಏರಿ ನೆಲದ ಹಾದಿಯಲ್ಲೇ ಭಾರತಕ್ಕೆ ಬರುವವರ ಕಥನಗಳೆಂದರೆ ನನಗೆ ಪ್ರಾಣ. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು ಕವುಚಿ ಹಾಕಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಟರ್ಕಿ, ಇರಾನ್ ಎರಡನ್ನೂ ದಾಟಿಬಿಡಬಹುದು. ಕಾಸಿನ ಖರ್ಚಿಲ್ಲ, ವೀಸಾ ಬೇಡ. ಆದರೆ ಒಂದು ಜಾಗ ಬಂದಾಗ ಮಾತ್ರ ನನ್ನ ಓದು ತಾನಾಗಿಯೇ ನಿಧಾನವಾಗುತ್ತದೆ. ಇರಾನಿನ ಗಡಿ ದಾಟಿದೊಡನೆ ಸಿಗುವ ಪಾಕಿಸ್ತಾನದ ಊರು ತಫ್ತಾನ್. ಅಲ್ಲಿಂದ ಬಲೂಚಿಸ್ತಾನದ ಮರಳುಗಾಡು, ಬೋಳುಬೆಟ್ಟಗಳ ನಡುವೆ ಕ್ವೆಟ್ಟಾದವರೆಗೆ 600 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕ್ವೆಟ್ಟಾ ಸುತ್ತಲೂ ಬೆಟ್ಟಗಳಿರುವ, ಸುಮಾರು 5,500 ಅಡಿ ಎತ್ತರದ ಊರು.

ಹಿಂದೆ ಎಲ್ಲರೂ ಈ ದಾರಿಯಲ್ಲೇ ಬರಬೇಕೆಂದಿರಲಿಲ್ಲ. 1973ರಲ್ಲಿ ಫ್ರಾನ್ಸಿನ ಆನ್-ಫ್ರಾನ್ಸ್ ದೋತ್ವಿಲ್ ಎಂಬ ಹೆಣ್ಣುಮಗಳು 125 ಸಿಸಿಯ ಸಣ್ಣ ಕವಾಸಾಕಿಯಲ್ಲಿ ಒಬ್ಬಳೇ ಲೋಕ ಸುತ್ತಿದಾಗ ಅಫ್ಘಾನಿಸ್ತಾನದ ಬೆಟ್ಟಗಳನ್ನು ಹಾದೇ ಹೋಗಿದ್ದಳು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಲ್ಲಿಗೆ ನುಗ್ಗಿದ ಮೇಲೆ ಕಾಬೂಲಿನ ಹಾದಿ ಯಾತ್ರಿಕರ ಪಾಲಿಗೆ ಮುಚ್ಚಿದಂತಾಯಿತು. ಬಲೂಚಿಸ್ತಾನದ ಹಾದಿಯಾದರೂ ನೆಮ್ಮದಿಯದಾಗಿ ಉಳಿಯಿತೇ? ಪ್ರತ್ಯೇಕ ನಾಡಿಗಾಗಿ ಹೋರಾಡುವ ಬಂಡುಕೋರರು, ಶಿಯಾಗಳನ್ನು ಕೊಲ್ಲುವ ಮತಾಂಧ ಗುಂಪುಗಳು, ಹಣಕ್ಕಾಗಿ ಜನರನ್ನು ಎತ್ತಿಕೊಂಡು ಹೋಗುವವರು...

ಆದ್ದರಿಂದ ಪರದೇಶದವರಿಗೆ ಬೆಂಗಾವಲು. ಬಂದೂಕು ಹಿಡಿದವರನ್ನು ಜೊತೆ ಮಾಡಿ ಕಳಿಸುತ್ತಾರೆ. ಒಂದು ಠಾಣೆಯವರು ಮುಂದಿನ ಠಾಣೆಯವರಿಗೆ ಒಪ್ಪಿಸುತ್ತಾರೆ. ರಿಜಿಸ್ಟರಿನಲ್ಲಿ ಮತ್ತೆ ಹೆಸರು, ಮತ್ತೆ ಪಾಸ್‌ಪೋರ್ಟಿನ ನಂಬರು. ಮುಂದೆ ಹಳೆಯ ಪಿಕಪ್ ಗಾಡಿ, ಅದರ ಹಿಂದೆ ದೂಳು ಕುಡಿಯುತ್ತ ಮೋಟಾರ್ ಸೈಕಲ್. ರಾತ್ರಿ ಠಾಣೆಯ ಅಂಗಳದಲ್ಲೋ ಖಾಲಿ ಕೋಣೆಯಲ್ಲೋ ಮಲಗುವುದು. ಕ್ವೆಟ್ಟಾ ಸೇರಿದ ಮೇಲೂ ಹೋಟೆಲಿನಿಂದ ಹೊರಬೀಳಲು ಕಾವಲಿನವನು ಬೇಕು, ಮುಂದಿನ ಪಯಣಕ್ಕೆ ಸರ್ಕಾರದ ಕಾಗದ ಬೇಕು. ಯಾತ್ರಿಕರು ಇದನ್ನೆಲ್ಲ ತಮಾಷೆಯಾಗಿ ಬರೆಯುತ್ತಾರೆ. ಕಾವಲಿನವನ ಬಂದೂಕು ಎಷ್ಟು ಹಳೆಯದು, ಅವನು ಹೇಗೆ ತೂಕಡಿಸಿದ, ಹೇಗೆ ತನ್ನ ಕಾಸಿನಲ್ಲೇ ಚಹಾ ಕುಡಿಸಿದ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ನಾನು ಓದಿದವರಲ್ಲಿ ಅವನ ಹೆಸರು ಬರೆದವರು ಕಡಿಮೆ. ದಿನಕ್ಕೆ ಹಲವು ಸಲ ಬದಲಾಗುವವರ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ಹೇಳಿ?

2014ರ ಜನವರಿ 22ರಂದು ಸ್ಪೇನ್ ದೇಶದ ಯುವಕನೊಬ್ಬ ಲೋಕ ಸುತ್ತುತ್ತ ಇದೇ ಹಾದಿಯಲ್ಲಿದ್ದ. ಅವನದು ಮೋಟಾರ್ ಕೂಡ ಅಲ್ಲ, ಬರಿಯ ಸೈಕಲ್. ಕಾವಲಿಗಿದ್ದವರು ಲೆವೀಸ್ ಪಡೆಯವರು. ಬ್ರಿಟಿಷರ ಕಾಲದಲ್ಲಿ ಆಯಾ ಬುಡಕಟ್ಟಿನ ಜನರನ್ನೇ ಸಂಬಳಕ್ಕಿಟ್ಟುಕೊಂಡು ಕಟ್ಟಿದ ಪಡೆ ಅದು. ಎಂದರೆ ಕಾಯುವವರು ಅದೇ ನೆಲದ ಮಕ್ಕಳು. ಹಿಂದಿನ ದಿನವಷ್ಟೇ ಆ ಮಸ್ತುಂಗ್ ಜಿಲ್ಲೆಯಲ್ಲಿ ಇರಾನಿನಿಂದ ಮರಳುತ್ತಿದ್ದ ಶಿಯಾ ಯಾತ್ರಿಕರ ಬಸ್ಸಿಗೆ ಬಾಂಬಿಟ್ಟು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಮರುದಿನ ಈ ಯುವಕನ ಬೆಂಗಾವಲಿನ ಮೇಲೆ ಗುಂಡಿನ ದಾಳಿಯಾಯಿತು. ಲೆವೀಸ್ ಪಡೆಯ ಆರು ಮಂದಿ ಸತ್ತರು. ಯುವಕ ಸಣ್ಣ ಗಾಯಗಳೊಡನೆ ಉಳಿದ. ಮುಂದೆ ತನ್ನ ಪರ್ಯಟನೆಯನ್ನು ಮುಂದುವರಿಸಿದ.

ಆತನನ್ನು ಜರೆಯಲು ಇದನ್ನು ಹೇಳುತ್ತಿಲ್ಲ. ಕೊಂದ ಪಾಪ ಕೊಂದವರದ್ದೇ. ಆದರೆ 'ನನ್ನ ಪ್ರಾಣ, ನನ್ನ ಇಷ್ಟ' ಎಂದು ಸಾಹಸಿಗಳು ಹೇಳುವ ಮಾತಿದೆಯಲ್ಲ, ಅದನ್ನು ಕೇಳಿದಾಗೆಲ್ಲ ನನಗೆ ಆ ಆರು ಮನೆಗಳು ಕಾಣುತ್ತವೆ. ಅಪಾಯವೆಂಬುದು ಒಬ್ಬರ ಗಂಟಿನಲ್ಲೇ ಕಟ್ಟಿಕೊಂಡು ಹೋಗಬಹುದಾದ ಬುತ್ತಿಯೇ?

ಕಾವಲು ಅವರ ಕೆಲಸ, ಅದಕ್ಕೇ ಸಂಬಳ ಎನ್ನಬಹುದು. ನಿಜ. ಈ ಸೈಕಲ್ಲಿನವನು ಬರದಿದ್ದರೆ ಯಾತ್ರಿಕರ ಬಸ್ಸಿನ ಮುಂದೆ ಹೋಗುತ್ತಿದ್ದರು. ಅಲ್ಲಿಯೂ ಸಾವು ಕಾದಿತ್ತು. ಹಾಗಿದ್ದರೂ ಹರಕೆ ಹೊತ್ತವರನ್ನು ಕಾಯುವುದಕ್ಕೂ ಊರು ನೋಡುವ ಆಸೆಯವನನ್ನು ಕಾಯುವುದಕ್ಕೂ ವ್ಯತ್ಯಾಸವಿಲ್ಲವೇ ಎಂದು ಮೊದಲು ನನಗೂ ಅನ್ನಿಸಿತ್ತು. ಅಗತ್ಯಕ್ಕೆ ಹೋಗುವವರು ಹೋಗಲಿ, ಬರಿಯ ಆಸೆಗೆ ಯಾಕೆ ಇನ್ನೊಬ್ಬರ ಜೀವ?

ಈ ತರ್ಕ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಹೆಂಗಸರಾದ ನಮಗೆ ಚೆನ್ನಾಗಿ ಗೊತ್ತು. ಯಾವುದು ಅಗತ್ಯ, ಯಾವುದು ಆಸೆ ಎಂದು ಅಳೆಯುವ ಸೇರು ನಮ್ಮ ಕೈಯಲ್ಲಿ ಯಾವಾಗ ಇತ್ತು? ಬಾಣಂತನಕ್ಕೆ ತವರಿಗೆ ಹೋಗುವುದು ಅಗತ್ಯ, ಸುಮ್ಮನೆ ಅಮ್ಮನನ್ನು ನೋಡಬೇಕೆನಿಸಿ ಹೋಗುವುದು ಆಸೆ. ಪರೀಕ್ಷೆಗೆ ಪರಊರಿಗೆ ಹೋಗಬಹುದು, ನಾಟಕಕ್ಕೆ ಕೂಡದು. ಪ್ರತಿಸಲವೂ ಕೊಡುವ ಕಾರಣ ಒಂದೇ: ನಿನಗೇನಾದರೂ ಆದರೆ ಅನುಭವಿಸುವವರು ನಾವು. ಇನ್ನೊಬ್ಬರಿಗೆ ಭಾರವಾಗುತ್ತೀ ಎಂಬ ಈ ಒಂದು ಮಾತಿನಿಂದ ಎಷ್ಟು ತಲೆಮಾರಿನ ಹೆಂಗಸರನ್ನು ಹೊಸ್ತಿಲ ಒಳಗೆ ಕೂರಿಸಿದರು! ಬೆಂಗಾವಲಿನವನ ಪರವಾಗಿ ನಾನು ಹೇಳಹೊರಟ ಮಾತು ನಮ್ಮನ್ನು ಕಟ್ಟಿಹಾಕಿದ ಹಗ್ಗವೇ ಆಗಿಬಿಟ್ಟರೆ?

ಬಹಳ ದಿನ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಈಗ ನನಗೆ ತೋರುವುದು ಇಷ್ಟು. ಮನೆಯವರಿಗೆ ಬಾಯಿದೆ. ಅಪ್ಪ ಬೈಯಬಹುದು, ಅಮ್ಮ ಅಳಬಹುದು, ಗಂಡ ಮೂರು ದಿನ ಮಾತು ಬಿಡಬಹುದು. ಹೊರಟವಳು ಅವರೊಡನೆ ಜಗಳವಾಡಿ, ಒಪ್ಪಿಸಿ ಅಥವಾ ಒಪ್ಪಿಸದೆ ಹೊರಡಬಹುದು. ಭಾರ ಹೊರುವವರಿಗೆ ಅಲ್ಲೊಂದು ಮಾತಿಗೆ ಜಾಗವಿದೆ. ಲೆವೀಸ್ ಜವಾನನಿಗೆ ಆ ಜಾಗವೇ ಇಲ್ಲ. ಮೇಲಿನವರು ಗಾಡಿ ಹತ್ತು ಎಂದರೆ ಹತ್ತಬೇಕು. ಯಾರಿಗಾಗಿ ಹೋಗುತ್ತಿದ್ದೇನೆ, ಆ ಮನುಷ್ಯ ಯಾಕೆ ಈ ದಾರಿಯಲ್ಲಿ ಬಂದ ಎಂದು ಅವನು ಕೇಳುವಂತಿಲ್ಲ. ಅಗತ್ಯವೋ ಆಸೆಯೋ ಎನ್ನುವುದಕ್ಕಿಂತ, ಭಾರ ಹೊರುವವನಿಗೆ 'ಬೇಡ' ಎನ್ನುವ ಅವಕಾಶ ಇತ್ತೇ ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಬೆಂಗಾವಲನ್ನೇ ತಪ್ಪಿಸಿಕೊಂಡು ಹೋದರೆ? ಕೆಲವರು ಕಾವಲಿನವರ ಕಣ್ಣು ತಪ್ಪಿಸಿದ್ದನ್ನು ಜಾಣತನವೆಂಬಂತೆ ಬರೆದುಕೊಳ್ಳುತ್ತಾರೆ. ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ. ಕಾಣೆಯಾದವನಿಗಾಗಿ ಮೊದಲು ಉತ್ತರ ಹೇಳಬೇಕಾದವನು ಕೊನೆಯ ಠಾಣೆಯ ಪೇದೆ. ಹುಡುಕಾಟ ನಡೆಯುವುದು ಬಡವರ ಹಳ್ಳಿಗಳಲ್ಲಿ. 2011ರ ಜುಲೈಯಲ್ಲಿ ವ್ಯಾನಿನಲ್ಲಿ ಹೊರಟಿದ್ದ ಸ್ವಿಟ್ಜರ್ಲೆಂಡಿನ ಜೋಡಿಯೊಂದು ಬಲೂಚಿಸ್ತಾನದಲ್ಲಿ ಅಪಹರಣಕ್ಕೊಳಗಾಗಿ, ಎಂಟು ತಿಂಗಳ ಮೇಲೆ ತಪ್ಪಿಸಿಕೊಂಡು ಬಂತು. 2013ರ ಮಾರ್ಚಿನಲ್ಲಿ ಬಸ್ಸಿನಿಂದ ಎಳೆದೊಯ್ದ ಇಬ್ಬರು ಚೆಕ್ ತರುಣಿಯರು ಬಿಡುಗಡೆಯಾದದ್ದು ಎರಡು ವರ್ಷಗಳ ನಂತರ. ಆ ಹೆಣ್ಣುಮಕ್ಕಳು ಕಳೆದ ದಿನಗಳನ್ನು ನೆನೆದರೆ ಎದೆ ನಡುಗುತ್ತದೆ.

ಇನ್ನು ಅತಿಥಿ ಸತ್ಕಾರದ ಮಾತು. ಬಲೂಚರಲ್ಲಿ, ಪಠಾಣರಲ್ಲಿ ಮನೆ ಹೊಕ್ಕ ಅತಿಥಿಯನ್ನು ಪ್ರಾಣ ಕೊಟ್ಟಾದರೂ ಕಾಯಬೇಕೆಂಬ ಕಟ್ಟಳೆಯಿದೆ. ಯಾತ್ರಿಕರು ಅದನ್ನು ಹಾಡಿ ಹೊಗಳುತ್ತಾರೆ: ರೊಟ್ಟಿ ಕೊಟ್ಟರು, ಹಾಸಿಗೆ ಕೊಟ್ಟರು, ಕಾಸು ಮುಟ್ಟಲಿಲ್ಲ. ಪರದೆಯ ಹಿಂದೆ ಹೊತ್ತಲ್ಲದ ಹೊತ್ತಿನಲ್ಲಿ ಹಿಟ್ಟು ನಾದಿದವಳು ಯಾರೋ! ಅಪರಿಚಿತನೊಬ್ಬ ಬಾಗಿಲು ತಟ್ಟಿದ ಕ್ಷಣದಿಂದ ಆ ಮನೆಯ ಗಂಡಸರ ಜೀವ ಪಣಕ್ಕೆ ಬಿದ್ದಿದೆ ಎನ್ನುವುದು ಅವಳಿಗೆ ಗೊತ್ತಿರುತ್ತದೆ. ಅವಳಿಗೂ 'ಬೇಡ' ಎನ್ನುವ ಹಕ್ಕಿಲ್ಲ.

ಹಾಗೆಂದು ಯಾರೂ ಹೋಗಲೇಬಾರದು ಎಂದರೆ ಆ ನಾಡು ನಮಗೆ ಬಾಂಬಿನ ಸುದ್ದಿಯಾಗಿ ಮಾತ್ರ ಉಳಿಯುತ್ತದೆ. ಅಲ್ಲೂ ತೂಕಡಿಸುವ ಪೇದೆ ಇದ್ದಾನೆ, ಚಹಾ ಇದೆ ಎಂದು ನನಗೆ ಹೇಳಿದವರು ಈ ಯಾತ್ರಿಕರೇ ತಾನೇ? ನನ್ನ ಮಧ್ಯಾಹ್ನದ ಸುಖದ ಲೆಕ್ಕವೂ ಒಂದಿಷ್ಟು ಆ ಕಾವಲಿನವನ ಖಾತೆಗೇ ಹೋಗುತ್ತದೆ.

ಇದೆಲ್ಲ ದೂರದ ಮಾತು ಎನ್ನುವ ಹಾಗೂ ಇರಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ನನ್ನ ತಂಗಿಯ ಮಗಳು ಆ ವರ್ಷದ ಆಗಸ್ಟಿಗೆಂದು ಬೆಂಗಳೂರಿನ ಗೆಳತಿಯರೊಡನೆ ಮನಾಲಿಯಿಂದ ಲೇಹ್‌ಗೆ ಮೋಟಾರ್ ಸೈಕಲ್ಲಿನಲ್ಲಿ ಹೋಗಲು ಎರಡು ವರ್ಷದಿಂದ ಹಣ ಕೂಡಿಡುತ್ತಿದ್ದಳು. ತಂಗಿ ಊಟ ಬಿಟ್ಟಳು. "ಅಕ್ಕಾ, ನೀನಾದರೂ ಬುದ್ಧಿ ಹೇಳೇ" ಎಂದು ನನ್ನ ಮುಂದೆ ಕೂರಿಸಿದಳು. ನಾನು ಹುಡುಗಿಯ ಪರ ನಿಂತೆ. ಆದರೆ ಒಂದು ಮಾತು ಕೇಳಿದೆ.

"ಮುಂದೆ ಹೋಗಬೇಡಿ ಅಂತ ಸೈನ್ಯದವರು ಹೇಳಿದರೆ ಏನು ಮಾಡ್ತೀಯ?"

"ವಾಪಸ್ ಬರ್ತೀವಿ, ದೊಡ್ಡಮ್ಮ."

"ಇನ್ನು ಹತ್ತೇ ಕಿಲೋಮೀಟರ್ ಉಳಿದಿದೆ, ಸುತ್ತಿ ಹೋಗೋ ಒಳದಾರಿ ಇದೆ, ಯಾರೂ ನೋಡಲ್ಲ ಅಂದರೆ?"

ಅವಳು ಕೂಡಲೇ ಉತ್ತರಿಸಲಿಲ್ಲ. ಕೈಯಲ್ಲಿದ್ದ ಲೋಟ ತಿರುಗಿಸುತ್ತ ಕೂತಳು. ಆಮೇಲೆ "ಆಗಲೂ" ಎಂದಳು. ಆ ತಡವಾದದ್ದೇ ನನಗೆ ಹಿಡಿಸಿತು. ಥಟ್ಟನೆ ಹೇಳಿದ್ದರೆ ನಂಬುತ್ತಿರಲಿಲ್ಲ. ತಂಗಿ ಮಾತ್ರ ಹದಿನೈದು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.