ಇಂದಿನ ಚಿಂತನೆ: ಆಟೋಪೈಲಟ್ ಮತ್ತು ಅಪ್ಪಮಾದ

ದಿನವೂ ತ್ರಿಸರಣ, ಪಂಚಶೀಲ ಹೇಳಿದರೆ ಸಾಕೇ?

ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಮಗ ಕಂಪ್ಯೂಟರಿನಲ್ಲಿ ಸಣ್ಣ ಸೆಸ್ನಾ ವಿಮಾನ ಹಾರಿಸುತ್ತಾನೆ. ಆಟೋಪೈಲಟ್‌ಗೆ ಇಷ್ಟು ಎತ್ತರ ಎಂದರೆ ಹಿಡಿದುಕೊಳ್ಳುತ್ತದೆ. ಆದರೆ ಇಂಜಿನ್ನಿನ ಶಕ್ತಿ ಅದರ ಕೈಯಲ್ಲಿಲ್ಲ. ಶಕ್ತಿ ಸಾಲದಿದ್ದರೂ ಎತ್ತರ ಬಿಡಬಾರದೆಂದು ಮೂಗು ಮೇಲೆತ್ತುತ್ತಲೇ ಹೋಗುತ್ತದೆ. ವೇಗ ಇಳಿದು ಕೊನೆಗೆ ವಿಮಾನವೇ ಕುಸಿಯುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಹೇಳಿದ್ದನ್ನೇ ಮಾಡಿರುತ್ತದೆ.

1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ320 ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ತೀರಿಹೋದರು. ಇಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲೇ ಇಡುವ ಮೋಡ್‌ನಲ್ಲಿ ವಿಮಾನವಿತ್ತು. ವೇಗ ಇಳಿಯುತ್ತಿದ್ದುದು ಸಮಯಕ್ಕೆ ಗಮನಕ್ಕೆ ಬರಲಿಲ್ಲ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನಿಯಮ ಬೇರೆ, ತತ್ವ ಬೇರೆ ಎಂದರು. ನಿಯಮ ರೂಢಿಯಂತೆ ನಡೆಸುತ್ತದೆ. ತತ್ವ ಸರಿತಪ್ಪು ತೂಗಲು ಕಲಿಸುತ್ತದೆ, ಹೊಣೆಯನ್ನೂ ಹೊರಿಸುತ್ತದೆ.

ಜಾತಿಯೂ ಒಂದು ಆಟೋಪೈಲಟ್. ದೀಕ್ಷೆ ಪಡೆದ ಮನೆಗಳಲ್ಲೂ ಸಂಬಂಧ ನೋಡುವಾಗ "ಅವರು ಎಡಗೈಯೋ ಬಲಗೈಯೋ?" ಎಂಬ ಮಾತು ತಾನಾಗಿಯೇ ನಾಲಿಗೆಗೆ ಬರುತ್ತದೆ. ಯಾರೋ ಎಂದೋ ಒತ್ತಿದ ಬಟನ್ ನಮ್ಮನ್ನು ಇಂದಿಗೂ ಓಡಿಸುತ್ತಿದೆ.

ಹಾಗಂತ ವಂದನೆಯ ಅಭ್ಯಾಸ ಬಿಡಬೇಕೆ? ಬೇಡ. ಆಟೋಪೈಲಟ್ ಇದ್ದರೂ ಪೈಲಟ್ ಕಣ್ಣು ವೇಗದ ಮೇಲಿರಬೇಕು, ಅಷ್ಟೇ. ಭಗವಾನರು ಕೊನೆಯದಾಗಿ ನೆನಪಿಸಿದ್ದೂ ಅಪ್ಪಮಾದವನ್ನೇ, ಅಂದರೆ ಎಚ್ಚರ ತಪ್ಪದಿರುವುದನ್ನು.

ಇಂದಿನ ಅಭ್ಯಾಸ: ಯಾರ ಬಗ್ಗೆಯಾದರೂ "ಅವರು ಯಾವ ಪೈಕಿ?" ಎಂದು ಕೇಳುವ ಮೊದಲು ಒಂದು ಉಸಿರು ನಿಲ್ಲೋಣ. ಕೇಳುತ್ತಿರುವುದು ನಾನೋ, ಹಳೇ ಬಟನ್ನೋ?

ಭವತು ಸಬ್ಬ ಮಂಗಲಂ. ಜೈಭೀಮ್.