ಟೀಚರೋ, ಥೆರಪಿಸ್ಟೋ?

ಅಮೆರಿಕದಿಂದ ರಜೆಗೆ ಊರಿಗೆ ಬರುವ ನಮ್ಮ ನೆಂಟರಿಷ್ಟರ ಮಕ್ಕಳಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಡಾಕ್ಟರೂ ಬೇಡ, ಕಂಪ್ಯೂಟರೂ ಬೇಡ. ಟೀಚರ್ ಆಗುತ್ತೇನೆ, ಇಲ್ಲವೇ ಆಕ್ಯುಪೇಷನಲ್ ಥೆರಪಿ ಓದುತ್ತೇನೆ ಎನ್ನುತ್ತಾರೆ. ಮೊದಲನೆಯದು ಅಜ್ಜಿಗೆ ಅರ್ಥವಾಗುತ್ತದೆ, ಹಿಡಿಸುವುದಿಲ್ಲ. ಎರಡನೆಯದು ಅರ್ಥವೇ ಆಗುವುದಿಲ್ಲ. “ಫಿಸಿಯೋಥೆರಪಿ ಗೊತ್ತು ಕಣೇ, ಇದ್ಯಾವುದು?” ಎಂದು ಕೇಳಿ, ಉತ್ತರಕ್ಕೆ ನನ್ನ ಮುಖ ನೋಡುತ್ತಾರೆ. ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು ನಾನು. ಇಂಥ ಪಂಚಾಯಿತಿಗೆ ನನ್ನನ್ನೇ ಕೂರಿಸುವುದು ರೂಢಿಯಾಗಿಬಿಟ್ಟಿದೆ.

ಎರಡನೇ ತರಗತಿಯ ಹುಡುಗನೊಬ್ಬ ಗೆರೆ ಬಿಟ್ಟು ಬರೆಯುತ್ತಾನೆ, ನಾಲ್ಕು ಸಾಲಿಗೇ ಕೈ ಸೋತು ಪೆನ್ಸಿಲ್ ಕೆಳಗಿಡುತ್ತಾನೆ ಎಂದುಕೊಳ್ಳಿ. ಟೀಚರ್ ಕಣ್ಣು ಮೊದಲು ಹೋಗುವುದು ಅಕ್ಷರದ ಮೇಲೆ. ಥೆರಪಿಸ್ಟ್ ಬೆಂಚಿನ ಕೆಳಗೆ ನೋಡುತ್ತಾಳೆ: ಪಾದ ನೆಲಕ್ಕೆ ತಾಗುತ್ತಿದೆಯೇ? ಬೆನ್ನು ನಿಲ್ಲುತ್ತಿದೆಯೇ? ಭುಜಕ್ಕೆ ಬಲವಿದೆಯೇ? ಬೆರಳುಗಳು ಪೆನ್ಸಿಲನ್ನು ಎಷ್ಟು ಬಿಗಿಯಾಗಿ ಹಿಡಿದಿವೆ? ಕೆಲವೊಮ್ಮೆ ಕಾಲಿನ ಕೆಳಗೊಂದು ಮಣೆ ಇಟ್ಟರೆ ಅರ್ಧ ಕೆಲಸ ಆದಂತೆ. ಲಕ್ವ ಹೊಡೆದ ಹಿರಿಯರ ವಿಷಯದಲ್ಲೂ ಹೀಗೆಯೇ. ತೋಳು ಮೇಲೇಳುವಂತೆ ಮಾಡುವುದು ಮುಖ್ಯವಾಗಿ ಫಿಸಿಯೋಥೆರಪಿಯವರ ಕೆಲಸ. ಆ ತೋಳಿನಿಂದ ತಲೆ ಬಾಚಿಕೊಳ್ಳುವುದು, ಒಂದೇ ಕೈಯಲ್ಲಿ ಪಂಚೆ ಸುತ್ತಿಕೊಳ್ಳುವುದು, ಅನ್ನ ಸಾರು ಕಲಸಿ ತುತ್ತು ಬಾಯಿಗೆ ಒಯ್ಯುವುದು ಆಕ್ಯುಪೇಷನಲ್ ಥೆರಪಿಯವರ ಪಾಲಿನದು. ಇಷ್ಟು ಹೇಳಿದರೆ ಅಜ್ಜಿಗೂ ಅರ್ಥವಾಗುತ್ತದೆ, ಯಾಕೆಂದರೆ ಅವರ ಮಂಡಿಯೂ ಈಗ ನೆಲದಲ್ಲಿ ಕೂರಲು ಒಪ್ಪುತ್ತಿಲ್ಲ.

ಅಮೆರಿಕದಲ್ಲಿ ಈ ವೃತ್ತಿಯವರ ಸಂಘ ಹುಟ್ಟಿದ್ದು 1917ರಲ್ಲಿ. ಗಾಯಗೊಂಡು ಬಂದ ಮೊದಲ ಮಹಾಯುದ್ಧದ ಸೈನಿಕರನ್ನು ಮತ್ತೆ ಬದುಕಿಗೆ ಹಚ್ಚುವ ಕೆಲಸ ಅದಕ್ಕೆ ಬೆಳವಣಿಗೆ ಕೊಟ್ಟಿತು. ನಮ್ಮ ದೇಶಕ್ಕೆ ಅದನ್ನು ತಂದವರು ಅಮೆರಿಕದಲ್ಲಿ ಹುಟ್ಟಿ, ನಿಂಬಕರ್ ಮನೆತನದ ಸೊಸೆಯಾಗಿ ಬಂದ ಕಮಲಾ ನಿಂಬಕರ್. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲಿ ಅವರು ಇದಕ್ಕೊಂದು ಶಾಲೆಯನ್ನೇ ತೆರೆದರು. ಏಳು ದಶಕ ದಾಟಿದರೂ ನಮ್ಮ ಬೀದಿಯಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಹಾಗೆಂದು ನಮ್ಮ ದಿಕ್ಕಿನಲ್ಲಿ ಈ ಕೆಲಸ ನಡೆದೇ ಇಲ್ಲವೆಂದಲ್ಲ. ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ, ‘ಎಪಿಡಿ’ ಎಂದೇ ಹೆಸರಾದ ಸಂಸ್ಥೆ ಲಿಂಗರಾಜಪುರದಲ್ಲಿದೆ. ಇಂದಿರಾನಗರದಲ್ಲಿ 1980ರ ದಶಕದಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಎರಡೂ ಕಡೆ ಪಾಠ ಮತ್ತು ಥೆರಪಿ ಒಂದೇ ಸೂರಿನಡಿ ನಡೆಯುತ್ತವೆ.

ಅಮೆರಿಕದ ಶಾಲೆಗಳಿಗೆ ಥೆರಪಿಸ್ಟ್ ಬಂದದ್ದು ಕಾನೂನಿನ ಬಲದಿಂದ. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಆದ ಕಾಯ್ದೆ, ಓದಿಗೆ ಬೇಕಾದ ಇಂಥ ನೆರವನ್ನೂ ಶಾಲೆಯ ಹೊಣೆಗೇ ಸೇರಿಸಿತು. ನಮ್ಮಲ್ಲಿ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ವಿಶೇಷ ಶಿಕ್ಷಕರು ಎಷ್ಟು ಮಕ್ಕಳಿಗೆ ಒಬ್ಬರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆಯ ಅಂಗಳದಲ್ಲಿ ಮಾತ್ರ ಈ ಭಾರ ಹೊರುವವರು ಅಂಗವಿಕಲ ಮಕ್ಕಳಿಗೆಂದೇ ಇರುವ ತಾಲ್ಲೂಕು ಮಟ್ಟದ ಬಿಐಇಆರ್‌ಟಿ ಶಿಕ್ಷಕರು. ಊರೂರು ಸುತ್ತಿ, ಶಾಲೆಗೆ ಬರಲಾಗದ ಮಗುವಿನ ಮನೆಗೂ ಹೋಗಬೇಕು. ಅವರು ಅರ್ಧ ಟೀಚರು, ಅರ್ಧ ಥೆರಪಿಸ್ಟು. ಎರಡರ ಪೂರ್ತಿ ಗೌರವವೂ ಅವರಿಗೆ ಸಿಕ್ಕಿಲ್ಲ.

ಇನ್ನು ಆಯ್ಕೆಯ ಮಾತು. ಇಲ್ಲಿ ಓದುವ ಮಕ್ಕಳಿಗೆ ಎರಡು ಬಾಗಿಲೂ ಒಂದೇ ಹೊತ್ತಿಗೆ ಮುಚ್ಚುವುದಿಲ್ಲ. ಆಕ್ಯುಪೇಷನಲ್ ಥೆರಪಿಯ ಪದವಿಯಾದ ಬಿ.ಒ.ಟಿ.ಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಮೀರಿದ ಓದು. ಕಲಿಸುವ ಕಾಲೇಜುಗಳು ಕಡಿಮೆ, ಮಣಿಪಾಲ ಅವುಗಳಲ್ಲಿ ಹೆಸರಾದದ್ದು. ಬಿ.ಇಡಿ. ಹಾಗಲ್ಲ, ಪದವಿ ಮುಗಿದ ಮೇಲೂ ಕಾಯುತ್ತದೆ. ಅಮೆರಿಕದಲ್ಲಿ 2007ರಿಂದ ಈ ಥೆರಪಿಗೆ ಸ್ನಾತಕೋತ್ತರ ಓದೇ ಪ್ರವೇಶದ ಅರ್ಹತೆ. ಅಲ್ಲಿ ಅಂಗರಚನೆ, ಶರೀರಕ್ರಿಯೆಯಂಥ ಕೆಲವು ವಿಷಯ ಮೊದಲೇ ಓದಿಕೊಂಡರೆ ಬೇರೆ ಪದವಿಯವರೂ ಸೇರಬಹುದು. ಹಾಗಾಗಿ ಅಲ್ಲಿನ ಮಕ್ಕಳು ತೂಗಿ ನೋಡುತ್ತಿದ್ದರೆ, ಮೊದಲು ಕೆಲವು ಕಾಲ ಪಾಠ ಮಾಡಿ ನೋಡಲಿ ಎನ್ನುತ್ತೇನೆ. ಇಲ್ಲಿನವರು ಪಿಯುಸಿ ಮುಗಿಯುವಷ್ಟರಲ್ಲೇ ಯೋಚಿಸಬೇಕು.

ಸಂಬಳದ ಲೆಕ್ಕ ಹಾಕುವವರು ಹಾಕಲಿ, ಅದು ತಪ್ಪಲ್ಲ. ನಾನು ಮಾತ್ರ ಸಲಹೆ ಕೇಳಿ ಬಂದ ಹುಡುಗಿಯನ್ನು ಬೇರೆಯೇ ಒಂದು ಪ್ರಶ್ನೆ ಕೇಳುತ್ತೇನೆ: ನಲವತ್ತು ಮಕ್ಕಳ ಗಲಾಟೆಯಲ್ಲಿ ನಿನಗೆ ಹುಮ್ಮಸ್ಸು ಬರುತ್ತದೋ, ಒಂದೇ ಮಗು ತಿಂಗಳುಗಟ್ಟಲೆ ಗುಂಡಿ ಹಾಕಿಕೊಳ್ಳಲು ಪರದಾಡುವಾಗ ಪಕ್ಕದಲ್ಲಿ ಕೂರುವ ತಾಳ್ಮೆ ಇದೆಯೋ? ಎರಡೂ ಇದ್ದರೆ ಥೆರಪಿಯನ್ನೇ ಆರಿಸಿಕೋ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಟೀಚರ್ ಆಗಬಲ್ಲವರು ನಮ್ಮಲ್ಲಿ ಇನ್ನೂ ಸಿಗುತ್ತಾರೆ. ನಮ್ಮ ಪಾಳ್ಯದ ತಾಯಿಯ ಅಡುಗೆಮನೆಯಲ್ಲಿ ಕೂತು, ಚಮಚ ಪಕ್ಕಕ್ಕಿಟ್ಟು, ಕೈಯಲ್ಲಿ ಉಣ್ಣುವುದನ್ನು ಕನ್ನಡದಲ್ಲೇ ಹೇಳಿಕೊಡಬಲ್ಲ ಥೆರಪಿಸ್ಟ್ ಸಿಗುವುದು ಕಷ್ಟ.

ಇದನ್ನು ಓದುವವರಲ್ಲಿ ಈ ವೃತ್ತಿಯವರು ಖಂಡಿತ ಇದ್ದೀರಿ. 2023ರಿಂದ ಗರುಡಾಚಾರ್‌ಪಾಳ್ಯಕ್ಕೂ ಮೆಟ್ರೋ ಇದೆ. ಇಲ್ಲಿ ಹತ್ತಿದರೆ ಆರನೇ ನಿಲ್ದಾಣವೇ ಇಂದಿರಾನಗರ. ರಜೆಗೆ ಬಂದಾಗ ಒಂದು ದಿನ ಬಿಡುವು ಮಾಡಿಕೊಂಡು ಇಲ್ಲಿನ ಟೀಚರುಗಳ ಎದುರು ಕೂತು ನಿಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಿ. ಬರಲಾಗದವರು ಪೆನ್ಸಿಲ್ ಹಿಡಿಸುವ, ಅಂಗಿ ತೊಡಿಸುವ ಬಗೆಯನ್ನು ಕನ್ನಡದಲ್ಲಿ ವಿಡಿಯೋ ಮಾಡಿ ಕಳಿಸಿ. ಕೇಳಿಸಿಕೊಳ್ಳಲು ಟೀಚರುಗಳನ್ನು ಒಟ್ಟುಮಾಡುವ ಕೆಲಸ ನನಗಿರಲಿ.